ಮುರಿದದ್ದನ್ನು ತೋರಿಸಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸ್ವಲ್ಪ ತಗ್ಗಾಗಿತ್ತು. ಮೂವತ್ತೈದು ವರ್ಷ ಕಬ್ಬಿಣದ ಮೇಲೆ ಎಳೆದೂ ಎಳೆದೂ ಆದ ತಗ್ಗು. ಸರಪಳಿ, ಕೊಂಡಿ, ಬೋಲ್ಟು, ಏನೇ ಕೈಗೆ ಸಿಕ್ಕರೂ ಅದರ ಮೇಲೆ ಆ ಉಗುರನ್ನು ಒಮ್ಮೆ ನಿಧಾನವಾಗಿ ಓಡಿಸುತ್ತಿದ್ದರು. ಎಲ್ಲಿ ಸವೆದಿದೆಯೋ, ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿ ಉಗುರು ತಡೆದು ನಿಲ್ಲುತ್ತಿತ್ತು. ಹೋಟೆಲಿನಲ್ಲಿ ಕಾಫಿ ಬಂದರೆ ಲೋಟದ ಅಂಚಿನ ಮೇಲೆ, ಆಟೋ ಹತ್ತಿದರೆ ಪಕ್ಕದ ಕಂಬಿಯ ಮೇಲೆ, ಕ್ರೋಂಪೇಟೆಯ ನನ್ನ ಬಾಡಿಗೆ ಮನೆಗೆ ಮೊದಲ ಸಲ ಬಂದಾಗ ಗೇಟಿನ ಕೀಲಿನ ಮೇಲೆ. "ಕಣ್ಣಿಗೆ ಚಾಳೀಸು ಬರುತ್ತಮ್ಮ, ಉಗುರಿಗೆ ಬರಲ್ಲ" ಎನ್ನುತ್ತಿದ್ದರು. ಒಳಗೆ ಬಂದು ಕೂತ ಮೇಲೆ ಅವರು ಆಡಿದ ಮೊದಲ ಮಾತು, "ಕೆಳಗಿನ ಕೀಲು ಇನ್ನೊಂದು ವರ್ಷ ಬರುತ್ತೆ ಅಷ್ಟೆ. ಓನರ್‌ಗೆ ಹೇಳು."

ತೊಂಬತ್ತೇಳರಲ್ಲಿ ನಾನು ಮಂಡ್ಯದಿಂದ ಬಂದು ಚೆನ್ನೈನ ಒಂದು ವಿಮಾ ಕಂಪನಿಯ ಹಡಗು ವಿಭಾಗಕ್ಕೆ ಸೇರಿದೆ. ಅವರು ಅಲ್ಲಿ ಹಿರಿಯ ಸರ್ವೇಯರು. ಬಂದರಿನಲ್ಲಿ ಸರಕು ನೆನೆದರೆ, ಸರಪಳಿ ಹರಿದರೆ, ಮೇಲಿಂದ ಏನಾದರೂ ಬಿದ್ದರೆ ಹೋಗಿ ನೋಡಿ, ಯಾಕೆ ಹಾಗಾಯಿತು ಎಂದು ವರದಿ ಬರೆಯುವುದು ಅವರ ಕೆಲಸ. ಊರು ತಿಪಟೂರಿನ ಕಡೆ. ಇಪ್ಪತ್ತೆರಡು ವರ್ಷ ತುಂಬುವವರೆಗೆ ಸಮುದ್ರವನ್ನೇ ಕಾಣದವರು, ಕಂಡ ಮೇಲೆ ಅದನ್ನು ಬಿಟ್ಟು ಹೋಗಲಾರದೆ ರಾಯಪುರಂನಲ್ಲಿ ಮನೆ ಮಾಡಿದ್ದರು. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಎಲ್ಲರಿಗೂ ಅವರು ಸಾರ್; ನನಗೂ ಸಾರ್. ಸೇರಿ ಒಂದು ವಾರವೂ ಆಗಿರಲಿಲ್ಲ, ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಈಜು ಬರುತ್ತೇನಮ್ಮ?"

"ನಾಲೇಲಿ ಕಲ್ತಿದೀನಿ ಸಾರ್."

"ಪರವಾಯಿಲ್ಲೆ. ಸಂಡೇ ಬೆಳಿಗ್ಗೆ ಆರಕ್ಕೆಲ್ಲ ಹಾರ್ಬರ್ ಗೇಟ್ ಹತ್ರ ಬಂದ್ಬಿಡು. ಚಪ್ಪಲಿ ಬೇಡ, ಕ್ಯಾನ್ವಾಸ್ ಶೂ ಹಾಕ್ಕೊ."

ಕ್ರೋಂಪೇಟೆಯಲ್ಲಿ ಮೊದಲ ಲೋಕಲ್ ಹಿಡಿದು, ಬೀಚ್ ಸ್ಟೇಷನ್ನಿನಲ್ಲಿ ಇಳಿದು ಹೋದೆ. ಅಲ್ಲಿ ನೋಡಿದರೆ ಅವರದೊಂದು ಹಾಯಿದೋಣಿ. ಇಪ್ಪತ್ತೆರಡು ಅಡಿ ಉದ್ದ, ಬಿಳಿ ಬಣ್ಣ ಹೋಗಿ ಹಾಲು ಒಡೆದ ಬಣ್ಣಕ್ಕೆ ಬಂದಿತ್ತು. ಊರು ಬಿಟ್ಟು ಹೊರಟ ಯಾರೋ ವಿದೇಶಿಯಿಂದ ಕೊಂಡಿದ್ದರಂತೆ. ಅದನ್ನು ನೋಡಿಕೊಳ್ಳುವವನು ರಾಯಪುರಂನ ಅಂತೋಣಿ, ಮೀನುಗಾರರ ಮನೆಯವನು, ನಲವತ್ತು ದಾಟಿದ ಗಟ್ಟಿ ಆಳು. ಆ ಭಾನುವಾರದಿಂದ ನಾವು ಮೂವರು ಆ ದೋಣಿಯ ತಂಡ. ನಾಲ್ಕೈದು ವಾರದಲ್ಲಿ ನನಗೂ ಹುಚ್ಚು ಹಿಡಿಯಿತು. ಹುಚ್ಚು ಹಿಡಿಸಿದ್ದಕ್ಕೆ ಅವರ ಮೇಲೆ ಸಿಟ್ಟಿಲ್ಲ. ಆಮೇಲೆ ಮಾಡಿದ್ದಕ್ಕೆ ಇವತ್ತಿಗೂ ಸಿಟ್ಟಿದೆ.

ಹಾಯಿದೋಣಿಯ ಕಂಬವನ್ನು ಮುಂದಿನಿಂದ ಒಂದು ತಂತಿ, ಹಿಂದಿನಿಂದ ಒಂದು ತಂತಿ ಎಳೆದು ಹಿಡಿದಿರುತ್ತವೆ. ಹಿಂದಿನದಕ್ಕೆ ಬ್ಯಾಕ್‌ಸ್ಟೇ ಎನ್ನುತ್ತಾರೆ. ಗಾಳಿಗೆ ಎದುರಾಗಿ ಹೋಗುವಾಗ ಅದನ್ನು ಬಿಗಿ ಮಾಡಬೇಕು. ಆಗ ಮುಂದಿನ ತಂತಿಯೂ ನೆಟ್ಟಗಾಗಿ, ಅದಕ್ಕೆ ಕಟ್ಟಿದ ಹಾಯಿ ಜೋತುಬೀಳದೆ, ದೋಣಿ ಗಾಳಿಯ ಮುಖಕ್ಕೆ ಏರುತ್ತದೆ. ಗಾಳಿ ಬೆನ್ನಿಗೆ ಬಂದಾಗ ಸಡಿಲ ಬಿಡಬೇಕು. ಹೀಗೆ ನಡುನೀರಿನಲ್ಲೇ ಬಿಗಿಸಿ ಸಡಿಲಿಸಲು ಆ ತಂತಿಯ ಬುಡದಲ್ಲಿ ಒಂದು ಅಡ್ಜಸ್ಟರ್ ಇರಬೇಕು. ನಮ್ಮ ದೋಣಿಯಲ್ಲಿ ಇದ್ದದ್ದು ತುಕ್ಕು ಹಿಡಿದ ಒಂದು ತಿರುಪು. ಅದನ್ನು ಅರ್ಧ ಸುತ್ತು ತಿರುಗಿಸಲು ಎರಡು ಸ್ಪ್ಯಾನರು, ಇಬ್ಬರು ಜನ, ಜೊತೆಗೆ ನನ್ನ ಬಾಯಿಂದ ಬರಬಾರದ ಒಂದೆರಡು ಮಾತು ಬೇಕಾಗುತ್ತಿತ್ತು. ಹಾಗಾಗಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ತಂತಿ ಅತ್ತ ಬಿಗಿಯೂ ಅಲ್ಲ, ಇತ್ತ ಸಡಿಲವೂ ಅಲ್ಲ. ದೋಣಿ ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರುವುದೇ ಹೆಚ್ಚು.

ಪ್ರತಿ ಜನವರಿಯಲ್ಲಿ ಬಂದರಿನ ಹಾಯಿದೋಣಿಯವರೆಲ್ಲ ಸೇರಿ ಎಣ್ಣೂರಿಗೆ ಹೋಗಿಬರುವ ಒಂದು ಓಟ ಇಟ್ಟುಕೊಂಡಿದ್ದರು. ಎಣ್ಣೂರಿನ ಎದುರು ನೀರಿನಲ್ಲಿ ಒಂದು ಕೆಂಪು ಪೀಪಾಯಿ ತೇಲಬಿಟ್ಟಿರುತ್ತಿದ್ದರು. ಮಧ್ಯಾಹ್ನ ಎರಡರೊಳಗೆ ಅದನ್ನು ಸುತ್ತಬೇಕು. ಆಗದವರು ಅಲ್ಲಿಂದಲೇ ವಾಪಸು ತಿರುಗಬೇಕು. ಜನವರಿಯ ಗಾಳಿ ಈಶಾನ್ಯದ್ದು, ಎಣ್ಣೂರು ಉತ್ತರಕ್ಕೆ. ಹೋಗುವ ದಾರಿಯುದ್ದಕ್ಕೂ ಗಾಳಿ ಮುಖಕ್ಕೆ. ಸಾರ್ ಆ ಪೀಪಾಯಿಯನ್ನು ಒಮ್ಮೆಯೂ ಸುತ್ತಿರಲಿಲ್ಲ. ನನ್ನ ಮೊದಲ ಓಟದಲ್ಲಿ ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗಳು ಹತ್ತೂವರೆಗೇ ಕಂಡವು. ಎರಡು ಗಂಟೆಗೂ ಅಷ್ಟೇ ದೂರದಲ್ಲಿ ಕಾಣುತ್ತಿದ್ದವು. ಉಳಿದ ದೋಣಿಯವರು ಸುತ್ತಿ ಬಂದು, ನಮ್ಮ ಪಕ್ಕದಲ್ಲೇ ಹಾದು, ಕೈ ಬೀಸಿ ಹೋದರು. ನನಗೆ ಅಳು ಬಂದಿತ್ತು. ಸಾರ್ ಮಾತ್ರ ಹಿಂದಿನ ತಂತಿಯನ್ನೇ ನೋಡುತ್ತ, "ರಿಟೈರ್ ಆಗೋದ್ರೊಳಗೆ ಒಂದು ಸಲ ಆ ಪೀಪಾಯಿ ಸುತ್ತಿ ಬಂದ್ಬಿಟ್ರೆ ಸಾಕಮ್ಮ. ಅಪ್ಪುರಂ, ಆಮೇಲೆ ದೋಣಿ ನೀನೇ ಇಟ್ಕೊ" ಎಂದರು.

"ಒಂದು ಅಡ್ಜಸ್ಟರ್ ಹಾಕ್ಸಿ ಸಾರ್, ಮುಂದಿನ ವರ್ಷವೇ ಸುತ್ತೋಣ" ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ!

ಅಡ್ಜಸ್ಟರುಗಳಲ್ಲಿ ಮೂರು ನಾಲ್ಕು ಬಗೆ. ರಾಟೆಗಳಿಗೆ ಹಗ್ಗ ಹಾಕಿ ಎಳೆಯುವುದು ಒಂದು. ಎಣ್ಣೆ ತುಂಬಿದ ಪಂಪಿನದು ಇನ್ನೊಂದು. ಕೈಯಲ್ಲಿ ತಿರುಗಿಸುವ ಚಕ್ರ ಇರುವುದು ಮತ್ತೊಂದು. ಇವುಗಳಲ್ಲಿ ಒಂದನ್ನು ಆರಿಸಬೇಕು, ಅಷ್ಟೇ. ಬೇರೆಯವರು ಕ್ಯಾಟಲಾಗ್ ತರಿಸಿ, ಅಳತೆ ನೋಡಿ, ಒಂದು ವಾರದಲ್ಲಿ ಮುಗಿಸುವ ಕೆಲಸ. ಸಾರ್‌ಗೆ ಕ್ಯಾಟಲಾಗ್ ಎಂದರೆ ಮದುವೆ ಆಲ್ಬಮ್ಮಿನ ಹಾಗೆ. ಅದರಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ ಎನ್ನುತ್ತಿದ್ದರು. ಅವರ ಕಸುಬಿನಲ್ಲಿ ಅವರು ನೋಡಿದ್ದೆಲ್ಲ ಮುರಿದ ಮೇಲಿನ ವಸ್ತುಗಳನ್ನೇ. ಒಂದು ವಸ್ತು ಹೇಗೆ ಮುರಿಯುತ್ತದೆ ಎಂದು ಕಾಣದೆ ಅದರ ಗುಣ ಹೇಳಲು ಬರುವುದಿಲ್ಲ ಎಂಬುದು ಅವರ ಖಚಿತವಾದ ನಂಬಿಕೆ. ಆದ್ದರಿಂದ ಅವರಿಗೆ ಬೇಕಾಗಿದ್ದದ್ದು ಮುರಿದ ಅಡ್ಜಸ್ಟರು. ಇಡೀ ಚೆನ್ನೈನಲ್ಲಿ ಗಟ್ಟಿಯಾಗಿರುವುದೇ ನಾಲ್ಕೋ ಐದೋ ಇದ್ದವು. ಮುರಿದದ್ದನ್ನು ಎಲ್ಲಿಂದ ತರುವುದು?

ವಿದೇಶದ ಕಂಪನಿಗಳಿಗೆ ಪತ್ರ ಬರೆದರು. ಟೈಪ್ ಮಾಡಿದವಳು ನಾನು. "ಮಾನ್ಯರೇ, ನಿಮ್ಮ ಸಾಧನ ಮುರಿದರೆ ಎಲ್ಲಿ ಮುರಿಯುತ್ತದೆ? ದಯವಿಟ್ಟು ಮುರಿದದ್ದೊಂದನ್ನು, ಆಗದಿದ್ದರೆ ಅದರ ಫೋಟೋವನ್ನು ಕಳಿಸಿಕೊಡಿ." ಇಂಗ್ಲಿಷಿನಲ್ಲಿ ಇದನ್ನು ಎಷ್ಟು ಮರ್ಯಾದೆಯಿಂದ ಬರೆದರೂ ಜಗಳಕ್ಕೆ ಕರೆದ ಹಾಗೇ ಇತ್ತು.

"ಸಾರ್, ಹೆಣ್ಣು ನೋಡೋಕೆ ಹೋಗಿ, ಡೈವೋರ್ಸ್ ಆದ್ರೆ ಹೆಂಗಿರ್ತೀಯ ಅಂತ ಕೇಳ್ದಂಗಾಯ್ತು ಇದು" ಎಂದೆ.

"ಕರೆಕ್ಟಾ ಹೇಳ್ದೆ. ಕೇಳಬೇಕಾದ್ದೇ ಅದು" ಎಂದು ಸಹಿ ಹಾಕಿದರು.

ಒಂದು ವರ್ಷ ಕಳೆಯಿತು. ಉತ್ತರ ಬಂದದ್ದು ಒಂದೇ. ನಮ್ಮ ಸಾಧನ ಮುರಿಯುವುದಿಲ್ಲ ಎಂದು ಬರೆದು, ಜೊತೆಗೆ ಹೊಳೆಯುವ ಕ್ಯಾಟಲಾಗ್ ಇಟ್ಟಿದ್ದರು. ಸಾರ್ ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೇಜಿನ ಮೇಲೆ ಬಿಟ್ಟರು. "ಸುಳ್ಳರು. ಮುರೀದೇ ಇರೋ ವಸ್ತು ದೇವರೂ ಮಾಡಿಲ್ಲ." ಎರಡನೇ ಓಟ ಬಂತು, ಚಿಮಣಿ ನೋಡಿಕೊಂಡು ವಾಪಸು ಬಂದೆವು. ಮೂರನೆಯದೂ ಹಾಗೇ.

ಇಷ್ಟು ಹಟದ ಹಿಂದೆ ಏನಾದರೂ ದುಃಖದ ಕತೆ ಇರಬೇಕು ಎಂದು ನನಗೆ ಅನುಮಾನ. ಅವರ ಸಹಿ ನಂಬಿ ಎತ್ತಿದ ಭಾರ ಯಾರ ಮೇಲಾದರೂ ಬಿದ್ದಿತ್ತೇ, ಯಾರಾದರೂ ಸತ್ತಿದ್ದರೇ? ಒಂದು ದಿನ ರಾಯಪುರಂನ ಅವರ ಅಡುಗೆಮನೆಯಲ್ಲಿ ಅವರ ಹೆಂಡತಿಯನ್ನು, ನನ್ನ ಪಾಲಿಗೆ ಆಂಟಿ, ಕೇಳಿಯೇಬಿಟ್ಟೆ. ಆಂಟಿ ದೋಸೆ ತಿರುವಿಹಾಕುತ್ತ ನಕ್ಕರು.

"ಅಂಥದ್ದೇನೂ ಇಲ್ಲ ಕಣೆ. ಅವರು ಹುಟ್ಟಿದ್ದೇ ಹಂಗೆ. ಮಿಕ್ಸಿ ತಗೊಳ್ಳೋಕೆ ಎರಡು ವರ್ಷ ಮಾಡಿದ್ರು. ದಿನಾ ಸಾಯಂಕಾಲ ರಿಪೇರಿ ಅಂಗಡಿಗೆ ಹೋಗಿ ಯಾವ್ಯಾವ್ದು ಸುಟ್ಟು ಬಂದಿದೆ ಅಂತ ನೋಡ್ತಿದ್ರು. ಅಲ್ಲೀತನಕ ನಾನು ಒರಳಲ್ಲೇ ರುಬ್ಬಿದ್ದು."

"ಆಮೇಲೆ?"

"ಆಮೇಲೇನು, ತಂದ್ರು. ಇಪ್ಪತ್ತು ವರ್ಷ ಆಯ್ತು, ಇನ್ನೂ ಓಡ್ತಿದೆ. ಅದಕ್ಕೇ ಬಯ್ಯೋಕೂ ಆಗಲ್ಲ."

ಬಯ್ಯಲು ಆಗದಿರುವುದೇ ಅವರ ಜೊತೆಗಿನ ದೊಡ್ಡ ಕಷ್ಟ. ಆಫೀಸಿನಲ್ಲಿ ಒಮ್ಮೆ ಒಂದು ಫೈಲು ಬಂತು. ಕ್ರೋಂಪೇಟೆಯ ಸಣ್ಣ ಚರ್ಮದ ಕಾರ್ಖಾನೆಯವನೊಬ್ಬನ ಸರಕು ಹಡಗಿನಲ್ಲಿ ನೆನೆದು ಕೊಳೆತು ವಾಪಸು ಬಂದಿತ್ತು. ಕಾರ್ಖಾನೆಯಲ್ಲೇ ಮಳೆಗೆ ಸಿಕ್ಕಿ ನೆನೆದದ್ದು, ಪರಿಹಾರ ಕೊಡಬೇಕಿಲ್ಲ ಎಂದು ನಾನೇ ಫೋಟೋ ನೋಡಿ ಬರೆದುಬಿಟ್ಟಿದ್ದೆ. ಸಾರ್ ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋದರು. ವಾಸನೆಗೆ ನಾನು ಬಾಗಿಲಲ್ಲೇ ನಿಂತೆ. ನೀರಿನಲ್ಲಿ ಉಪ್ಪಿದೆಯೇ ಎಂದು ನೋಡುವ ಔಷಧಿಯ ಸೀಸೆ ಅವರ ಚೀಲದಲ್ಲಿ ಖಾಲಿಯಾಗಿತ್ತು. ಮಾಲೀಕ ನೋಡುತ್ತಿದ್ದಂತೆ ಒಂದು ತೊಗಲನ್ನು ಮಡಚಿ, ಮಡಿಕೆಯ ಒಳಗಿನ ತೇವಕ್ಕೆ ಬೆರಳು ಒತ್ತಿ ನಾಲಗೆಗೆ ಇಟ್ಟುಕೊಂಡರು. ಹೊರಗಿನ ಪದರಕ್ಕೆ ಒತ್ತಿ ಇನ್ನೊಮ್ಮೆ. "ಹದ ಮಾಡೋ ಉಪ್ಪು ಬೇರೆ, ಇದು ಬೇರೆ. ಸಮುದ್ರದ ನೀರು ಮೇಲಿಂದ ಬಿದ್ದಿದೆ. ಹಡಗಿನವರ ತಪ್ಪು" ಎಂದರು. ಆಮೇಲೆ ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು. ಆ ಮಾಲೀಕ ಕೈ ಮುಗಿದು ನಿಂತಿದ್ದ. ವಾಪಸು ಬರುವಾಗ ಸಾರ್ ನನಗೆ ಬಯ್ಯಲಿಲ್ಲ. "ನೋಡದೆ ಬರೀಬೇಡಮ್ಮ" ಎಂದರು, ಅಷ್ಟೇ. ನನ್ನ ಇಡೀ ನೌಕರಿ ಆ ಎರಡು ಪದದ ಮೇಲೆ ನಿಂತಿದೆ.

ಆದರೆ ಚರ್ಮದ ಮೂಟೆ ಬೇರೆ, ದೋಣಿ ಬೇರೆ ಅಲ್ಲವೇ? ಆ ವರ್ಷ ಸಾರ್ ರಿಟೈರ್ ಆದರು. ಪೀಪಾಯಿ ಸುತ್ತಿರಲಿಲ್ಲ. ಮಂಡಿ ನೋವು ಶುರುವಾಗಿತ್ತು, ಸಕ್ಕರೆ ಕಾಯಿಲೆ ಮೊದಲೇ ಇತ್ತು. ಇನ್ನು ಕಾದರೆ ಆಗದು ಎಂದು ನಾನೇ ತೀರ್ಮಾನ ಮಾಡಿ, ಪರಿಚಯದ ಒಬ್ಬ ಹಡಗಿನ ಅಧಿಕಾರಿಗೆ ಹೇಳಿ, ಸಿಂಗಪುರದಿಂದ ಚಕ್ರದ ಅಡ್ಜಸ್ಟರ್ ಒಂದನ್ನು ತರಿಸಿದೆ. ನಮ್ಮ ತಂತಿಯ ಅಳತೆಗೆ ಸರಿಯಾಗಿ ಇತ್ತು. ಮೊಣಕೈಯಷ್ಟು ಉದ್ದ, ನಡುವೆ ಪುಟ್ಟ ಚಕ್ರ, ಒಂದೇ ಕೈಯಲ್ಲಿ ತಿರುಗಿಸಿದರೆ ಸುಯ್ಯೆಂದು ಬಿಗಿಯಾಗುತ್ತಿತ್ತು. ಅಂತೋಣಿ ಅದನ್ನು ತಿರುಗಿಸಿ ನೋಡಿ ಮಗುವಿನ ಹಾಗೆ ನಕ್ಕ. ಸಾರ್‌ಗೆ ಉಡುಗೊರೆ ಎಂದು ಕೊಟ್ಟೆ. ಉಗುರು ಓಡಿಸಿದರು, ಚಕ್ರ ತಿರುಗಿಸಿದರು, ಕಿವಿಯ ಹತ್ತಿರ ಹಿಡಿದು ಕೇಳಿದರು.

"ಚೆನ್ನಾಗಿದೆ. ಆದ್ರೆ ಇದು ಹೆಂಗೆ ಮುರಿಯುತ್ತೆ ಗೊತ್ತಿಲ್ವಲ್ಲಮ್ಮ. ಗಾಳಿ ಬೆನ್ನಿಗಿದ್ದಾಗ ಇದು ಕಿತ್ತುಹೋದ್ರೆ ಕಂಬ ಮುಂದಕ್ಕೆ ಬೀಳುತ್ತೆ. ಮುಂದೆ ಕೂತಿರೋಳು ನೀನು."

ಅಡ್ಜಸ್ಟರ್ ಅವರ ಊಟದ ಮೇಜಿನ ಮೇಲೆ ಕೂತಿತು. ಎರಡು ತಿಂಗಳು ಅಲ್ಲೇ ಕೂತಿತು. ಆಂಟಿ ಅದನ್ನು ಸರಿಸಿ ಸರಿಸಿ ತಟ್ಟೆ ಇಡುತ್ತಿದ್ದರು. ಜನವರಿ ಬಂತು. ಮೇಜಿನ ಮೇಲೆ ಹೊಸ ಅಡ್ಜಸ್ಟರು, ದೋಣಿಯಲ್ಲಿ ತುಕ್ಕು ಹಿಡಿದ ತಿರುಪು! ನಾಲ್ಕನೇ ಸಲವೂ ಚಿಮಣಿಗಳ ಮುಖ ನೋಡಿ ಹಿಂದಿರುಗಿದೆವು. ಆ ಸಲ ಪೀಪಾಯಿಯೂ ಕಂಡಿತ್ತು. ಅರ್ಧ ಗಂಟೆ ಇದ್ದಿದ್ದರೆ ಸಾಕಿತ್ತು.

ಸಂಜೆ ಅವರ ಮನೆಯಲ್ಲಿ ನನ್ನ ತಾಳ್ಮೆ ಕೆಟ್ಟಿತು. ಅಷ್ಟು ಹಿರಿಯರ ಎದುರು ಅಷ್ಟು ದನಿ ಎತ್ತಿದ್ದು ಅದೊಂದೇ ಸಲ.

"ಸಾರ್, ನಾಲ್ಕು ವರ್ಷ! ನನ್ನ ತಲೆ ಮೇಲೆ ಕಂಬ ಬೀಳುತ್ತೆ ಅಂತ ನಾಲ್ಕು ವರ್ಷದಿಂದ ತಲೆ ತಿಂತಿದೀರ. ನಿಮ್ಗೆ ಮುರಿದದ್ದು ತಾನೇ ಬೇಕು? ಇದನ್ನೇ ತಗೊಂಡು ಹೋಗಿ ಮುರಿದು ಬಿಸಾಕಿ, ಬನ್ನಿ!"

ಸಿಟ್ಟಿನಲ್ಲಿ ಆಡಿದ ಮಾತು. ಆಂಟಿ ಕೈಯಲ್ಲಿ ನೀರಿನ ಚೊಂಬು ಹಿಡಿದು ಹಾಗೇ ನಿಂತರು. ಸಾರ್ ಮುಖ ಮಾತ್ರ ಅರಳಿತು.

"ಎಲ್ಲಿ ಮುರಿಯೋದು?" ಎಂದು ಕೇಳಿದರು.

ಕ್ರೋಂಪೇಟೆಯಲ್ಲಿ ನಮ್ಮ ಕೆಳಗಿನ ಮನೆಯವರು ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಕಬ್ಬಿಣದ ಸರಳನ್ನು ಎರಡೂ ಕಡೆ ಕಚ್ಚಿ ಹಿಡಿದು, ತುಂಡಾಗುವ ತನಕ ಎಳೆಯುವ ಯಂತ್ರವಿತ್ತು. ಒಂದು ಶನಿವಾರ ಅವರು ಅನುಮತಿ ಪಡೆದು ಕರೆದರು. ಸಾರ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಅಡ್ಜಸ್ಟರನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಲೋಕಲ್ ಟ್ರೇನಿನಲ್ಲಿ ಬಂದರು. ಯಂತ್ರ ಎಳೆಯತೊಡಗಿತು. ಮುಳ್ಳು ಏರುತ್ತ ಹೋಯಿತು. ಸಾರ್ ಒಂದೊಂದು ಅಂಕಿಯನ್ನೂ ಬರೆದುಕೊಂಡರು. ನಮ್ಮ ದೋಣಿ ಎಂದೂ ಎಳೆಯಲಾರದಷ್ಟು ಭಾರ ದಾಟಿತು, ಅದರ ಎರಡರಷ್ಟು ದಾಟಿತು. ಮೂರರಷ್ಟಾಗುವ ಹೊತ್ತಿಗೆ ಚಕ್ರದ ಕೆಳಗೆ ತಿರುಪು ಮೆಲ್ಲಗೆ ಬಾಗಿತು. ಕೊನೆಗೆ ಡಬ್ಬೆಂದು ಎರಡು ತುಂಡು.

ಆ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಅವರು ನಿಂತ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಂಡ ಅಜ್ಜನೂ ಅಷ್ಟು ಖುಷಿಪಡುವುದಿಲ್ಲ. ಮುರಿದ ಮೈಯ ಮೇಲೆ ಉಗುರು ಓಡಿಸಿದರು. ಅಲ್ಲೇ ಸ್ಟೂಲಿನ ಮೇಲೆ ಕೂತು ವರದಿ ಬರೆದರು. ಕನ್ನಡದಲ್ಲಿ. ದೋಣಿಯ ವಿಷಯಕ್ಕೆ ಅವರು ಇಂಗ್ಲಿಷು ಬಳಸುತ್ತಿರಲಿಲ್ಲ. "ಇಂಗ್ಲಿಷಲ್ಲಾದ್ರೆ 'ಅಪಿಯರ್ಸ್ ಟು ಬಿ' ಅಂತ ಸೇರಿಸಿ ತಪ್ಪಿಸ್ಕೋಬಹುದು. ಕನ್ನಡದಲ್ಲಿ ಮುರೀತು ಅಂದ್ರೆ ಮುರೀತು" ಎನ್ನುವರು. ವರದಿ ಇಷ್ಟೇ ಇತ್ತು:

"ತಿರುಪಿನ ಕುತ್ತಿಗೆಯಲ್ಲಿ ಮುರಿಯಿತು. ಮುರಿಯುವ ಮೊದಲು ಬಾಗಿ ಎಚ್ಚರಿಕೆ ಕೊಟ್ಟಿತು. ಏಕಾಏಕಿ ಕೈಬಿಡುವ ಜಾತಿಯದಲ್ಲ. ನಂಬಬಹುದು. ಬಳಕೆಯಲ್ಲಿ ಸವೆತ ಬಂದರೆ ದೋಣಿಗೆ ಸೇರಿಸುವ ಕೆಳಗಿನ ಪಿನ್ನಿನಲ್ಲಿ ಬರುತ್ತದೆ, ಅದೂ ಎಡಗಡೆ."

"ಎಡಗಡೆಯೇ ಯಾಕೆ ಸಾರ್?"

"ಪಿನ್ ಕೂರೋ ಪಟ್ಟಿ ನಮ್ಮ ದೋಣೀಲಿ ಎಡಕ್ಕೆ ಕೂದಲೆಳೆಯಷ್ಟು ವಾಲಿದೆ."

"ನಾನು ಮಟ್ಟಗೋಲು ಇಟ್ಟು ನೋಡಿದೀನಿ. ನೆಟ್ಟಗಿದೆ."

"ಕಣ್ಣಿಗೆ ನೆಟ್ಟಗಿದೆ" ಎಂದು ಹೇಳಿ ಸಹಿ ಹಾಕಿದರು. ಆಮೇಲೆ ಗೆದ್ದವರ ಹಾಗೆ ಎದ್ದು ನಿಂತು, "ಮುಗೀತು. ಇದನ್ನೇ ಹಾಕೋಣ. ಸೋಮವಾರ ಅಂತೋಣಿಗೆ ಹೇಳ್ಬಿಡು" ಎಂದರು.

ನಾನು ಆ ಎರಡು ತುಂಡುಗಳನ್ನು ನೋಡಿದೆ. ಅವರೂ ನೋಡಿದರು.

"ಸಾರ್, ಏನನ್ನ ಹಾಕೋದು?"

ನಂಬಿದರೆ ನಂಬಿ, ಅಲ್ಲಿಯವರೆಗೆ ನನಗೂ ಅದು ಹೊಳೆದಿರಲಿಲ್ಲ. ನಾಲ್ಕು ವರ್ಷ ಜೊತೆಗಿದ್ದು ಅವರ ರೋಗ ನನಗೂ ಅಂಟಿತ್ತು. ಊರಿನಲ್ಲಿ ನಮ್ಮ ಅಳತೆಗಿದ್ದ ಒಂದೇ ಒಂದು ಅಡ್ಜಸ್ಟರನ್ನು, ಅದು ಮುರಿಯುವುದಿಲ್ಲ ಎಂದು ತಿಳಿಯಲು, ಇಬ್ಬರೂ ಓದಿದವರು ಸೇರಿ ಮುರಿದು ಹಾಕಿದ್ದೆವು. ಲ್ಯಾಬಿನವರು ಮುಖ ಆಚೆ ತಿರುಗಿಸಿಕೊಂಡು ನಗು ತಡೆದುಕೊಳ್ಳುತ್ತಿದ್ದರು. ಸಾರ್ ಮೊದಲು ಪೆಚ್ಚಾದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಆವತ್ತಿನ ನಗುವಿಗೆ ಎರಡು ವರ್ಷ ಹೋಗುತ್ತದೆ ಎಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ಮೊದಲನೆಯದನ್ನು ತಂದುಕೊಟ್ಟ ಅಧಿಕಾರಿ ಬೇರೆ ಮಾರ್ಗದ ಹಡಗಿಗೆ ಹೋಗಿದ್ದರು. ಸಿಂಗಪುರದ ಅಂಗಡಿಯಲ್ಲಿ ಆ ಅಳತೆ ನಿಂತುಹೋಗಿತ್ತು. ಬೇರೆ ಕಡೆಯಿಂದ ತರಿಸಿದ್ದು ದಪ್ಪ ತಂತಿಯದು, ವಾಪಸು ಹೋಯಿತು. ಬೇರೆ ಬಗೆಯದನ್ನಾದರೂ ಹಾಕೋಣ ಎಂದರೆ, "ಅದು ಮುರಿದದ್ದನ್ನ ನಾವು ನೋಡಿಲ್ವಲ್ಲಮ್ಮ" ಎಂದರು. ಆ ಮಾತು ಕೇಳಿ ನಾನು ಒಂದು ತಿಂಗಳು ರಾಯಪುರಂ ಕಡೆ ತಲೆ ಹಾಕಲಿಲ್ಲ. ಐದನೇ ಓಟವೂ ಹಳೇ ತಿರುಪಿನಲ್ಲೇ ಮುಗಿಯಿತು. ಅದೇ ಅವರ ಕೊನೆಯ ಓಟ. ಮುಂದಿನ ಅಕ್ಟೋಬರಿನಲ್ಲಿ, ಸ್ನಾನ ಮುಗಿಸಿ ಬಂದು ಟವೆಲು ಹರವುತ್ತಿದ್ದಾಗ, ಕುಸಿದುಬಿದ್ದರು. ಬಲಗಡೆ ಸ್ವಾಧೀನ ತಪ್ಪಿತು. ಮಾತು ತೊದಲುತ್ತ ಬರುತ್ತಿತ್ತು. ಆ ಹೆಬ್ಬೆರಳು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು.

ಡಿಸೆಂಬರಿನಲ್ಲಿ, ನಾನು ನೇರವಾಗಿ ಕಂಪನಿಗೇ ಬರೆದು ಕೇಳಿದ್ದ ಅಡ್ಜಸ್ಟರ್ ಬಂತು. ಮುರಿದಿದ್ದೆವಲ್ಲ, ಅದೇ ಕಂಪನಿಯದು, ಅದೇ ಅಳತೆಯದು. ಅದನ್ನು ಅವರ ಎಡಗೈಗೆ ಕೊಟ್ಟೆ. ಬಹಳ ಹೊತ್ತು ಹಿಡಿದುಕೊಂಡಿದ್ದರು. "ಹಾಕು" ಎಂದರು. ಆರು ವರ್ಷ ಕಾದಿದ್ದ ಎರಡಕ್ಷರ. ಹೊರಗೆ ಬಂದು ಮೆಟ್ಟಿಲಲ್ಲಿ ಕೂತು ಅತ್ತೆ. ಸಂತೋಷಕ್ಕಲ್ಲ, ಉರಿಗೆ.

ಜನವರಿಯ ಓಟಕ್ಕೆ ನಾನು, ಅಂತೋಣಿ ಇಬ್ಬರೇ. ಚುಕ್ಕಾಣಿ ಅವನ ಕೈಯಲ್ಲಿ. ಬಂದರಿನ ಬಾಯಿ ದಾಟಿದ ಕೂಡಲೇ ಚಕ್ರವನ್ನು ಹನ್ನೊಂದು ಸುತ್ತು ತಿರುಗಿಸಿದೆ. ಮುಂದಿನ ತಂತಿ ನೆಟ್ಟಗಾಯಿತು, ಹಾಯಿ ಸೆಟೆದು ನಿಂತಿತು, ಪಕ್ಕಕ್ಕೆ ಜಾರುತ್ತಿದ್ದ ನಮ್ಮ ಹಾಲು ಒಡೆದ ಬಣ್ಣದ ದೋಣಿ ಮೂತಿ ಎತ್ತಿ ಗಾಳಿಗೆ ಹೊರಳಿತು. "ಮೇಡಂ, ಏರುದು ಪಾರುಂಗ! ಏರುದು!" ದೋಣಿ ಏರುತ್ತಿದೆ ನೋಡಿ ಎಂದು ಅಂತೋಣಿ ತಮಿಳಿನಲ್ಲಿ ಕೂಗಿದ. ಚಿಮಣಿಗಳು ದೊಡ್ಡದಾಗುತ್ತ ಬಂದವು. ಹನ್ನೆರಡೂ ಮುಕ್ಕಾಲಿಗೆ ಪೀಪಾಯಿ ನಮ್ಮ ಎಡಕ್ಕೆ ಬಂತು. ಹತ್ತಿರದಿಂದ ನೋಡಿದರೆ ಅರ್ಧ ಬಣ್ಣ ಕಿತ್ತುಹೋದ, ಹಕ್ಕಿ ಹಿಕ್ಕೆ ಬಿದ್ದ ಒಂದು ಡಬ್ಬ. ಇದಕ್ಕಾಗಿ ಆರು ವರ್ಷ! ಸುತ್ತಿದೆವು. ಚಕ್ರ ಸಡಿಲಿಸಿದೆ, ಗಾಳಿ ಬೆನ್ನಿಗೆ ಬಂತು. ಕಂಬದ ಮುಂದೆ ನಾನು ಕೂತಿದ್ದೆ. ಹಿಂದೆ ತಿರುಗಿ ಒಮ್ಮೆಯೂ ನೋಡಲಿಲ್ಲ. ನೋಡಬೇಕು ಎಂದೇ ಅನ್ನಿಸಲಿಲ್ಲ.

ಸಂಜೆ ಉಪ್ಪು ಹತ್ತಿದ ಬಟ್ಟೆಯಲ್ಲೇ ರಾಯಪುರಂಗೆ ಓಡಿದೆ. ಆಂಟಿ ಬಾಗಿಲಲ್ಲೇ ನನ್ನ ಮುಖ ನೋಡಿ ತಿಳಿದುಕೊಂಡರು. ಸಾರ್ ದಿಂಬಿಗೆ ಒರಗಿದ್ದರು. ಎಲ್ಲ ಹೇಳಿದೆ, ಗಾಳಿ, ಹನ್ನೊಂದು ಸುತ್ತು, ಪೀಪಾಯಿ, ಹಕ್ಕಿ ಹಿಕ್ಕೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕಣ್ಣು ಬಿಟ್ಟು, ತೊದಲುತ್ತ ಕೇಳಿದ್ದು ಒಂದೇ.

"ಪಿನ್... ನೋಡಿದ್ಯಾ?"

"ಸಾರ್, ಆರು ವರ್ಷ ಆದ್ಮೇಲೆ ಸುತ್ತಿ ಬಂದಿದೀವಿ. ಚೆನ್ನಾಗಾಯ್ತು ಅನ್ನಿ ಸಾಕು."

"ಚೆನ್ನಾಗಾಯ್ತು. ಪಿನ್ ನೋಡಿದ್ಯಾ?"

"ಇಲ್ಲ."

"ನನ್ನ ಉಗುರು ಸತ್ತೋಯ್ತಮ್ಮ. ನೀನು ನೋಡ್ಕೊಂಡು ಬಾ."

ನನಗೆ ಮೈ ಉರಿಯಿತು. ಒಂದು ಶಾಭಾಸ್ ಇಲ್ಲ, ಒಂದು ನಗು ಇಲ್ಲ, ಈಗಲೂ ಪಿನ್ನು! ಮುಂದಿನ ಭಾನುವಾರ ಬೇಕೆಂದೇ ಬಂದರಿಗೆ ಹೋಗಲಿಲ್ಲ. ಮನೆಯಲ್ಲಿ ಬಟ್ಟೆ ಒಗೆದೆ, ತಲೆಗೆ ಎಣ್ಣೆ ಹಚ್ಚಿಕೊಂಡೆ, ಮಧ್ಯಾಹ್ನ ಮಲಗಿದೆ. ನೋಡಲಿ, ಅವರೂ ಒಂದು ವಾರ ಕಾಯಲಿ, ನಾನು ಎಷ್ಟು ಕಾದಿದ್ದೇನೆ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಆಫೀಸಿಗೆ ಆಂಟಿಯ ಫೋನು ಬಂತು. ಬೆಳಗಿನ ಕಾಫಿ ಕೊಡಲು ಎಬ್ಬಿಸಿದರೆ ಅವರು ಏಳಲಿಲ್ಲ.

ಹದಿಮೂರನೇ ದಿನದ ಊಟ ಮುಗಿಸಿ, ಅಲ್ಲಿಂದ ನೇರ ಬಂದರಿಗೆ ಹೋದೆ. ಅಂತೋಣಿ ತಂತಿ ಸಡಿಲಿಸಿ ಕೊಟ್ಟ. ಕೆಳಗಿನ ಪಿನ್ನು ಬಿಚ್ಚಿ, ಸೀರೆಯ ಸೆರಗಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಸುತ್ತಲೂ ಒಂದೇ ಹೊಳಪು. ಹೆಬ್ಬೆರಳಿನ ಉಗುರನ್ನು ಇಟ್ಟು, ಅವರು ಮಾಡುತ್ತಿದ್ದ ಹಾಗೆ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಎಳೆದೆ. ಒಂದು ಕಡೆ ಉಗುರು ತಡೆಯಿತು. ಮತ್ತೆ ಎಳೆದೆ, ಅಲ್ಲೇ ತಡೆಯಿತು.

ಎಡಗಡೆ ಸಾರ್. ಕೂದಲೆಳೆಯಷ್ಟು.